ಒಳಲೆಯ ಹಾಲು

ಒಂದು ಕಡೆ ಮೂತಿ ಚಾಚಿಕೊಂಡ, ಎಳೆಗೂಸಿಗೆ ಹಾಲು ಕುಡಿಸುವ ಪುಟ್ಟ ಬಟ್ಟಲಿಗೆ ಕನ್ನಡದಲ್ಲಿ ಒಳಲೆ ಎನ್ನುತ್ತೇವೆ. ಬೆಳ್ಳಿಯ ಒಳಲೆ ಈಗಲೂ ತೊಟ್ಟಿಲು ಶಾಸ್ತ್ರಕ್ಕೆ ಉಡುಗೊರೆಯಾಗಿ ಬರುತ್ತದೆ. ಸ್ಟೀಲಿನದು ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಬಾಟಲಿ ಬಂದ ಮೇಲೆ ಅನೇಕ ಮನೆಗಳಲ್ಲಿ ಅದು ಬೀರು ಸೇರಿತು, ಹೆಸರೂ ಮಾತಿನಿಂದ ಜಾರತೊಡಗಿತು. ಅದೇ ಪಾತ್ರೆಗೆ ಇಂದು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ದೊಡ್ಡ ಕೆಲಸವಿದೆ, ತಮಿಳಿನ ಪಾಲಾಡೈ ಎಂಬ ಹೆಸರಿನಲ್ಲಿ. ದೇಶದ ವೈದ್ಯಕೀಯ ಬರಹಗಳಲ್ಲೂ ಅದೇ ಹೆಸರು ನಿಂತಿದೆ. ತಮಿಳು ಮಾತೊಂದಕ್ಕೆ ಆ ಗೌರವ ಸಿಕ್ಕಿದ್ದು ಸಂತೋಷವೇ. ಕನ್ನಡದ ಬಾಣಂತಿಗೆ ಹೇಳುವಾಗ ಮಾತ್ರ ಒಳಲೆ ಎಂದೇ ಹೇಳಬೇಕು ಎನ್ನುವುದು ನನ್ನ ವಾದ.

ಅವಧಿಗೆ ಮುಂಚೆ, ಸುಮಾರು 34 ವಾರ ತುಂಬುವ ಮೊದಲು ಹುಟ್ಟಿದ ಕೂಸಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳುವುದು ಸಾಮಾನ್ಯವಾಗಿ ಕಷ್ಟ. ತೀರಾ ಎಳೆಯದಾದರೆ ತಾಯಿಯ ಹಾಲನ್ನು ಹಿಂಡಿ ನಳಿಕೆಯಲ್ಲಿ ಕೊಡುತ್ತಾರೆ, ಗರ್ಭದ ಲೆಕ್ಕದಲ್ಲಿ 32 ವಾರದ ಹೊತ್ತಿಗೆ ಒಳಲೆಯ ಸರದಿ, ಆಮೇಲೆ ಮೊಲೆ. ಒಳಲೆಯ ಬಾಯಿ ಅಗಲ, ಬೆರಳು ಹಾಕಿ ಉಜ್ಜಬಹುದು. ಬಾಟಲಿಯ ಕತ್ತಿನಲ್ಲಿ, ನಿಪ್ಪಲ್ಲಿನ ಸಂದಿಯಲ್ಲಿ ಹಳೆಯ ಹಾಲು ಕುಳಿತರೆ ಕಣ್ಣಿಗೂ ಬೀಳದು. ಬಾಟಲಿಯ ಜಾಹೀರಾತನ್ನು 1992ರ ಕೇಂದ್ರ ಕಾನೂನು ನಿಷೇಧಿಸಿದ್ದು ಸುಮ್ಮನೆ ಅಲ್ಲ. ಮನೆಯಲ್ಲೇ ಇರುವ ಪಾತ್ರೆಯನ್ನು ಅಪರಿಚಿತ ಹೆಸರಿನಿಂದ ಕರೆದರೆ, ಬೀರುವಿನಲ್ಲಿರುವುದು ಅದೇ ಎಂದು ಅಜ್ಜಿಗೆ ಹೊಳೆಯುವುದು ಹೇಗೆ?

ಈ ವಾದಕ್ಕೆ ಬರುವ ಆಕ್ಷೇಪ ಹಗುರವಾದದ್ದಲ್ಲ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ ಹಾಕುತ್ತಿದ್ದುದು ಇದೇ ಒಳಲೆಯಲ್ಲಿ. ಹುಟ್ಟಿದ ಗಂಟೆಯೊಳಗೆ ಮೊಲೆಗೆ ಹಚ್ಚಬೇಕು, ಆರು ತಿಂಗಳು ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವರ್ಷ ತುಂಬದ ಮಗುವಿಗೆ ಜೇನು ಬಾಟ್ಯುಲಿಸಂ ಎಂಬ, ಮಾರಕವಾಗಬಲ್ಲ ವಿಷಬಾಧೆ ತರಬಹುದು. ಹಳೆಯ ಮಾತನ್ನು ಕರೆತಂದರೆ ಹಳೆಯ ರೂಢಿಯೂ ಹಿಂದೆಯೇ ಬರುವುದಿಲ್ಲವೇ? ಆದರೆ ಮಾತು ಮರೆತಲ್ಲೂ ರೂಢಿ ಉಳಿಯಬಲ್ಲದು, ಅದಕ್ಕೆ ಒಂದು ಚಮಚ ಸಾಕು. ಎಚ್ಚರಿಕೆ ನಾಟಬೇಕಾದರೆ ಅದನ್ನು ಹೇಳುವ ಭಾಷೆ ಮನೆಯವರದ್ದಾಗಿರಬೇಕು.

ಬದಲಾಗಬೇಕಾದದ್ದು ಒಳಲೆಯ ಜೊತೆಗಿರುವ ಕ್ರಿಯಾಪದ. ಮೊಲೆಯ ವಿಷಯಕ್ಕೆ ಕನ್ನಡ ಉಣ್ಣು, ಊಡು, ಊಡಿಸು ಎಂದಿತು. ಮೊಲೆಹಾಲು ಕೂಸಿಗೆ ಊಟವೆಂದು ಒಪ್ಪಿಕೊಂಡ ಮಾತುಗಳಿವು. ಒಳಲೆಗೆ ಬಂದಾಗ ಹಾಕು, ಹೊಯ್ಯು ಎಂದಾಯಿತು. ಚಾಚಿದ ಕಾಲುಗಳ ಮೇಲೆ ಅಂಗಾತ ಮಲಗಿಸಿ, ಅಳುವ ಬಾಯಿಗೆ ಹೊಯ್ಯುವುದು ದನಕ್ಕೆ ಗೊಟ್ಟದಲ್ಲಿ ಔಷಧ ಹಾಕಿದ ಹಾಗೆ. ಹಾಲು ಶ್ವಾಸನಾಳಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ದಾದಿಯರು ಕಲಿಸುವ ಕ್ರಮ ಬೇರೆ: ಎಚ್ಚರವಾಗಿರುವ ಕೂಸನ್ನು ತುಸು ನೆಟ್ಟಗೆ ಹಿಡಿದು, ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ, ಸ್ವಲ್ಪ ಕೊಟ್ಟು, ನುಂಗಿತೆಂದು ನೋಡಿ, ಮತ್ತೆ ಸ್ವಲ್ಪ. ವೇಗ ಕೂಸಿನದು. ಇದನ್ನು ಊಡಿಸುವುದು ಎನ್ನದೆ ಇನ್ನೇನೆನ್ನಬೇಕು? ಹೊತ್ತು ಹಿಡಿಯುತ್ತದೆ, ಹಾಲು ಚೆಲ್ಲುತ್ತದೆ ಎಂಬ ದೂರು ನಿಜ. ಕೈ ಪಳಗಿದಂತೆ ಚೆಲ್ಲುವುದು ಕಡಿಮೆಯಾದೀತು, ಹೊತ್ತನ್ನಂತೂ ಕೊಡಲೇಬೇಕು.

ಆರು ತಿಂಗಳಾಗಿ ರಾಗಿ ಸರಿ ಶುರುವಾದಾಗ ನೀರಿಗೂ ಬಾಟಲಿ ಬೇಕಿಲ್ಲ, ಪುಟ್ಟ ಲೋಟ ಸಾಕು. ಅದಕ್ಕೂ ಮೊದಲು ಒಳಲೆ ಬೇಕಾದ ಕೂಸಿನ ಬಿಡುಗಡೆ ಚೀಟಿಯಲ್ಲಿ ಕನ್ನಡದ ಎರಡು ಸಾಲು ಇರಲಿ: ಹಿಂಡಿದ ತಾಯಿಹಾಲನ್ನು ಒಳಲೆಯಲ್ಲಿ ನಿಧಾನವಾಗಿ ಊಡಿಸಿ, ಹೊಯ್ಯಬೇಡಿ. ಪ್ರತಿ ಸಲವೂ ಒಳಲೆಯನ್ನು, ಅದರ ಮೂತಿಯನ್ನೂ ಸೇರಿಸಿ, ಸೋಪು ಹಚ್ಚಿ ತೊಳೆದು ನೀರಿನಲ್ಲಿ ಕುದಿಸಿ.