ಹತ್ತು ರೂಪಾಯಿಯ ಅಪರಾಧ: ಪ್ರಾಣಿಹಿಂಸೆ, ಶಿಕ್ಷೆ ಮತ್ತು ಸಾಕ್ಷ್ಯ

2016ರಲ್ಲಿ ಚೆನ್ನೈ ಹೊರವಲಯದ ಕುಂದ್ರತ್ತೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಹೆಣ್ಣುನಾಯಿಯೊಂದನ್ನು ಮಹಡಿಯ ಮೇಲಿಂದ ಎಸೆದ. ಗೆಳೆಯ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ. ನಾಯಿ ಸಾಯಲಿಲ್ಲ. ಮೂಳೆ ಮುರಿದ ಸ್ಥಿತಿಯಲ್ಲಿ ಸಿಕ್ಕ ಅದಕ್ಕೆ ಕಾಪಾಡಿದವರು ಭದ್ರಾ ಎಂದು ಹೆಸರಿಟ್ಟರು. ವಿದ್ಯಾರ್ಥಿ, ಗೆಳೆಯ ಇಬ್ಬರೂ ಬಂಧಿತರಾಗಿ ಜಾಮೀನಿನ ಮೇಲೆ ಹೊರಬಂದರು. ಮುಂದೆ ತಮಿಳುನಾಡು ಡಾ. ಎಂ.ಜಿ.ಆರ್. ವೈದ್ಯಕೀಯ ವಿಶ್ವವಿದ್ಯಾಲಯ ಅವರಿಗೆ ತಲಾ 2 ಲಕ್ಷ ರೂಪಾಯಿ ದಂಡ ಹಾಕಿತು. ಆದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ಮೊದಲ ಅಪರಾಧಕ್ಕೆ ಇರುವ ದಂಡ 10ರಿಂದ 50 ರೂಪಾಯಿ. ವಿಶ್ವವಿದ್ಯಾಲಯದ ಶಿಸ್ತುಕ್ರಮಕ್ಕಿದ್ದ ಬಿಸಿ ದೇಶದ ಕಾಯ್ದೆಗೆ ಇರಲಿಲ್ಲ.

ಈ ಕಾಯ್ದೆಯ ಬೇರು ಇರುವುದೂ ಇದೇ ನಗರದಲ್ಲಿ. ರಾಜ್ಯಸಭೆಯಲ್ಲಿ ಚೆನ್ನೈನ ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಮಂಡಿಸಿದ ಖಾಸಗಿ ಮಸೂದೆಯೇ ಇದಕ್ಕೆ ಪ್ರೇರಣೆ. 1962ರಲ್ಲಿ ರಚನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೂ ಅವರೇ ಮೊದಲ ಅಧ್ಯಕ್ಷೆ. ಅಂದಿನಿಂದ ಇಂದಿನವರೆಗೆ ರೂಪಾಯಿಯ ಬೆಲೆ ಎಲ್ಲಿಂದ ಎಲ್ಲಿಗೆ ಇಳಿದಿದೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಲ್ಲಿಕಟ್ಟು ಪ್ರಕರಣದ 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆ ಹೆಚ್ಚಿಸುವಂತೆ ಸಂಸತ್ತಿಗೆ ಸೂಚಿಸಿತ್ತು. 2022ರಲ್ಲಿ ಕೇಂದ್ರ ಸರ್ಕಾರ ಕರಡು ತಿದ್ದುಪಡಿಯೊಂದನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನೂ ಕೇಳಿತು.

ದಂಡದ ಮೊತ್ತ ಏರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚರ್ಚೆ ಅಷ್ಟಕ್ಕೇ ನಿಂತರೆ ಕಾಯ್ದೆಯ ನಿಜವಾದ ರೋಗ ಹಾಗೆಯೇ ಉಳಿಯುತ್ತದೆ. ಆ ರೋಗ ಇರುವುದು 31 ಮತ್ತು 36ನೇ ಕಲಮುಗಳಲ್ಲಿ. 31ನೇ ಕಲಮಿನ ಪ್ರಕಾರ ಕೆಲವೇ ಕೃತ್ಯಗಳು ಸಂಜ್ಞೇಯ (ಪೊಲೀಸರು ತಾವಾಗಿಯೇ ತನಿಖೆ ನಡೆಸಬಹುದಾದವು): ಕ್ರೂರವಾಗಿ ಕೊಲ್ಲುವುದು, ಅಂಗಛೇದ ಮಾಡುವುದು, ಪ್ರಾಣಿಗಳ ಕಾದಾಟ ಏರ್ಪಡಿಸುವುದು ಮುಂತಾದವು. ಹೊಡೆಯುವುದು, ಒದೆಯುವುದು, ಉಪವಾಸ ಕೆಡಹುವುದು ಆ ಸಾಲಿಗೆ ಸೇರುವುದಿಲ್ಲ. ಹಾಗಾಗಿ ಬೀದಿನಾಯಿಯ ಕಾಲು ಮುರಿದವನ ಮೇಲೆ ದೂರು ಕೊಟ್ಟರೂ ಠಾಣೆಯ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಈ ಕಾಯ್ದೆಯಡಿ ತನಿಖೆಗೆ ಇಳಿಯಲಾರ. 36ನೇ ಕಲಮು ಇನ್ನೂ ಕಠಿಣ: ಕೃತ್ಯ ನಡೆದು ಮೂರು ತಿಂಗಳು ಕಳೆದರೆ ಮೊಕದ್ದಮೆ ಹೂಡುವಂತೆಯೇ ಇಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಒಂದು ಹೆಜ್ಜೆ ಮುಂದೆ ಇಟ್ಟಿದೆ. ಹಳೆಯ ದಂಡ ಸಂಹಿತೆಯಲ್ಲಿ ಪ್ರಾಣಿಯ ಬೆಲೆ 10 ರೂಪಾಯಿಯೋ 50 ರೂಪಾಯಿಯೋ ಎಂದು ಎಣಿಸಬೇಕಿತ್ತು. ಈಗ ಆ ಲೆಕ್ಕ ಹೋಗಿ, ಕೊಂದರೂ ಊನ ಮಾಡಿದರೂ ಐದು ವರ್ಷದವರೆಗೆ ಸಜೆ ಆಗಬಹುದು. ಆದರೂ ಇದರ ತಳಹದಿ ಒಬ್ಬರಿಗೆ ಅಥವಾ ಸಾರ್ವಜನಿಕರಿಗೆ ಆಗುವ ನಷ್ಟವೇ ಹೊರತು ಪ್ರಾಣಿಯ ನೋವಲ್ಲ. ಯಾರಿಗೂ ಸೇರದ ನಾಯಿ ಸತ್ತರೆ ನಷ್ಟ ಯಾರಿಗೆ ಎಂದು ಆರೋಪಿಯ ವಕೀಲ ಕೇಳಿಯೇ ಕೇಳುತ್ತಾನೆ.

ಕಲಮು ಯಾವುದೇ ಇರಲಿ, ಅಪರಾಧ ಸಾಬೀತಾಗಲು ಪಶುವೈದ್ಯರ ಸಾಕ್ಷ್ಯ ಬೇಕು; ಅದಕ್ಕೇ ಚೆನ್ನೈನ ಮಾಧವರಂ ಮುಖ್ಯವಾಗುತ್ತದೆ. 1989ರಲ್ಲಿ ಸ್ಥಾಪನೆಯಾದ ತಮಿಳುನಾಡು ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಮಾಧವರಂ ಮಿಲ್ಕ್ ಕಾಲೊನಿಯಲ್ಲಿ. 1903ರ ವೇಪೇರಿ ಕಾಲೇಜು ಅದರ ಅಂಗ. ಇಂಥ ಪ್ರಕರಣ ನಿಲ್ಲುವುದು, ಬೀಳುವುದು ಪಶುವೈದ್ಯರ ಬರವಣಿಗೆಯ ಮೇಲೆ. "ಕಾಲು ಮುರಿದಿದೆ" ಎಂದಷ್ಟೇ ಬರೆದ ಚೀಟಿ ನ್ಯಾಯಾಲಯದಲ್ಲಿ ನಿಲ್ಲದು. ಗಾಯ ಎಷ್ಟು ಹೊತ್ತಿನದು, ಬಿದ್ದದ್ದೋ ಹೊಡೆದದ್ದೋ, ಎಕ್ಸ್‌ರೇ ಏನು ಹೇಳುತ್ತದೆ ಎಂಬುದು ದಾಖಲಾಗಬೇಕು. ವಿಷದ ಅನುಮಾನವಿದ್ದರೆ ಜಠರ, ಯಕೃತ್ತಿನ ಮಾದರಿಗಳು ಮೊಹರಾಗಿ ಪ್ರಯೋಗಾಲಯ ಸೇರಬೇಕು. ಚೆನ್ನೈನ ಸೆಕೆಯಲ್ಲಿ ಕಳೇಬರ ಬೇಗ ಕೊಳೆಯುತ್ತದೆ. ನಗರಪಾಲಿಕೆಯ ಗಾಡಿ ಒಯ್ದರಂತೂ ಸಾಕ್ಷ್ಯವೇ ಇಲ್ಲ.

ಎಲ್ಲ ಪ್ರಾಣಿಗಳಿಗೂ ಒಂದೇ ರಕ್ಷಣೆ ಇಲ್ಲ. 2021ರಲ್ಲಿ ಹಾಸನ ಜಿಲ್ಲೆಯ ಚೌಡನಹಳ್ಳಿ ಬಳಿ ಗೋಣಿಚೀಲಗಳಲ್ಲಿ 38 ಕೋತಿಗಳ ಶವ ಸಿಕ್ಕಾಗ ಕರ್ನಾಟಕ ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು. ಕೋತಿಗೆ ವನ್ಯಜೀವಿ ಕಾಯ್ದೆಯೂ ಅರಣ್ಯ ಇಲಾಖೆಯೂ ಇವೆ. ಬೀದಿನಾಯಿಗೆ, ಮುದಿ ಎತ್ತಿಗೆ ಅಂಥ ಇಲಾಖೆಯ ಬೆಂಬಲವಿಲ್ಲ.

ತಿದ್ದುಪಡಿ ಮಸೂದೆ ಸಂಸತ್ತಿಗೆ ಬರುವಾಗ ಮೂರು ತಿಂಗಳ ಗಡುವು ರದ್ದಾಗಬೇಕು, ಘೋರ ಹಿಂಸೆಯೆಲ್ಲ ಸಂಜ್ಞೇಯವಾಗಬೇಕು, ಪಶುವೈದ್ಯಕೀಯ ನ್ಯಾಯವಿಜ್ಞಾನಕ್ಕೆ ಪ್ರತಿ ರಾಜ್ಯದಲ್ಲೂ ಒಂದು ಪ್ರಯೋಗಾಲಯ ಬೇಕು. ಕಾನೂನು ರೂಪಿಸುವವರು ದಂಡದ ಅಂಕಿಗೂ ಮೊದಲು ಇವನ್ನು ಕೈಗೆತ್ತಿಕೊಳ್ಳಲಿ.