ಗ್ರುಂಟ್ಸಿಗ್, ಆಂಡ್ರಿಯಾಸ್

1939-1985. ಜರ್ಮನಿಯ ಹೃದಯ ಹಾಗೂ ರಕ್ತನಾಳ ತಜ್ಞ. ಕಿರಿದಾದ ಹೃದಯ ಧಮನಿಗಳನ್ನು ಹಿಗ್ಗಿಸುವ ಬಲೂನ್ ಆಂಜಿಯೋಪ್ಲಾಸ್ಟಿಯ ಪ್ರವರ್ತಕ. ಡ್ರೆಸ್ಡೆನ್‌ನಲ್ಲಿ ಜನಿಸಿದ. ಹೈಡೆಲ್‌ಬರ್ಗ್‌ನಲ್ಲಿ ವೈದ್ಯಕೀಯ ಓದಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ಆಸ್ಪತ್ರೆ ಸೇರಿದ. ಮನೆಯ ಅಡುಗೆಕೋಣೆಯ ಮೇಜಿನ ಮೇಲೆಯೇ ಪಿವಿಸಿ ಬಲೂನುಳ್ಳ ಕ್ಯಾತಿಟರ್‌ಗಳನ್ನು (ತೆಳು ನಳಿಕೆ) ರೂಪಿಸಿ, 1974ರಲ್ಲಿ ಕಾಲಿನ ಧಮನಿಯ ಚಿಕಿತ್ಸೆಗೆ ಬಳಸಿದ. 1977ರ ಸೆಪ್ಟೆಂಬರ್ 16ರಂದು, ಎಚ್ಚರವಾಗಿಯೇ ಇದ್ದ 38 ವರ್ಷದ ರೋಗಿಯೊಬ್ಬನ ತೊಡೆಸಂದಿನ ಧಮನಿಯ ಮೂಲಕ ಕ್ಯಾತಿಟರ್ ತೂರಿಸಿ, ಹೃದಯದ ಕಿರಿದಾಗಿದ್ದ ಧಮನಿಯಲ್ಲಿ ಬಲೂನ್ ಉಬ್ಬಿಸಿದ. ಎದೆ ಸೀಳದೆಯೇ ರಕ್ತದ ಹರಿವು ಸರಾಗವಾಯಿತು. ವೈದ್ಯರಿಗೆ ಚಿಕಿತ್ಸೆಯನ್ನು ನೇರವಾಗಿ ಮಾಡಿ ತೋರಿಸುವ ಶಿಬಿರಗಳನ್ನು ನಡೆಸಿದ್ದರಿಂದ ಈ ವಿಧಾನ ಬೇಗನೆ ಹರಡಿತು. 1980ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿರುವ ಎಮರಿ ವಿಶ್ವವಿದ್ಯಾಲಯಕ್ಕೆ ಹೋದ. 1985ರ ಅಕ್ಟೋಬರ್ 27ರಂದು ಜಾರ್ಜಿಯಾ ರಾಜ್ಯದಲ್ಲಿ ವಿಮಾನ ಅಪಘಾತದಲ್ಲಿ ಮಡಿದ. ಹಿಗ್ಗಿಸಿದ ಧಮನಿ ಮತ್ತೆ ಕಿರಿದಾಗುವ ತೊಡಕನ್ನು ತಗ್ಗಿಸಲು 1986ರಲ್ಲಿ ಸ್ಟೆಂಟ್ (ಧಮನಿಯನ್ನು ತೆರೆದಿಡುವ ಜಾಲರಿ ಕೊಳವೆ) ಬಳಕೆಗೆ ಬಂತು.