ಐದು ಮಂದಿಯ ಸಾಲು

ಗಣಕಗಳ ಚರಿತ್ರೆಯನ್ನು ನಾವು ಯಂತ್ರಗಳ, ಮೇಧಾವಿಗಳ ಚರಿತ್ರೆಯಾಗಿಯೇ ಬರೆಯುತ್ತೇವೆ. ನನ್ನ ಸಂಶೋಧನೆಯ ಈ ವರ್ಷಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಒಂದು ಅಂಕಿ: 5.

1983ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಹೊರಬಂತು. ಅದರಲ್ಲಿ 'ಲಿಸನ್' ಎಂಬುದೊಂದು ಕರೆ. ಸರ್ವರ್ ಇನ್ನೂ ಒಳಗೆ ಕರೆದುಕೊಳ್ಳದ ಸಂಪರ್ಕಗಳು ಎಷ್ಟು ಮಂದಿ ಬಾಗಿಲಲ್ಲಿ ಕಾಯಬಹುದೆಂದು ಅದಕ್ಕೆ ಹೇಳಬೇಕು. ಗರಿಷ್ಠ ಮಿತಿ 5. (ಒಳಗಿನ ಲೆಕ್ಕ ಅದನ್ನು ಒಂದೂವರೆ ಪಟ್ಟು ಹಿಗ್ಗಿಸಿ 8ರವರೆಗೆ ಬಿಡುತ್ತಿತ್ತು, ಸರ್ಕಾರಿ ಕಚೇರಿಯ ಟೋಕನ್ನಿನ ಹಾಗೆ.) ಬೆರಳೆಣಿಕೆಯ ಯಂತ್ರಗಳು ಪರಸ್ಪರ ಮಾತಾಡುತ್ತಿದ್ದ ಕಾಲಕ್ಕೆ ಅದು ಧಾರಾಳವೇ.

1996ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಸೇವಾ ಸಂಸ್ಥೆಯ ಬಾಗಿಲಿಗೆ ಸುಳ್ಳು ವಿಳಾಸಗಳಿಂದ ಕೋರಿಕೆಗಳು ನುಗ್ಗಿದವು. ಬಾಗಿಲು ತಟ್ಟಿ ಮಾಯವಾಗುವವರೇ ಸಾಲನ್ನು ತುಂಬಿ, ನಿಜವಾದ ಗ್ರಾಹಕರಿಗೆ ಜಾಗವೇ ಇಲ್ಲದಾಯಿತು. ಅದೇ ತಿಂಗಳು ಡೇನಿಯಲ್ ಬರ್ನ್‌ಸ್ಟೀನ್ ಸೂಚಿಸಿದ 'ಸಿನ್ ಕುಕಿ'ಯ ಉಪಾಯ ಸೊಗಸಾದದ್ದು: ಬಂದವರ ಹೆಸರು ಬರೆದಿಡುವುದೇ ಬೇಡ, ಉತ್ತರದಲ್ಲೇ ಒಂದು ಗುರುತು ಕೊಟ್ಟು ಕಳಿಸು, ಅದನ್ನು ತಂದವರು ಮಾತ್ರ ನಿಜ. ಲಿನಕ್ಸ್ 2.2ರಲ್ಲಿ ಸಾಲಿನ ಅರ್ಥವೂ ಬದಲಾಯಿತು. ಮಾತು ಅರ್ಧಕ್ಕೆ ನಿಂತವರದು ಬೇರೆ ಸಾಲು, ಕೈಕುಲುಕಿ ಮುಗಿಸಿದವರದು ಬೇರೆ. 'ಲಿಸನ್' ಹೇಳುವ ಮಿತಿ ಎರಡನೆಯದಕ್ಕೆ.

ಡೇಟಾಬೇಸ್ ನಡೆಸುವವರ ಪಾಡು ಇಲ್ಲಿಂದ ಶುರು. ರೆಡಿಸ್ ತನಗೆ 511 ಬೇಕೆನ್ನುತ್ತದೆ. ಆದರೆ ಲಿನಕ್ಸ್ ಕರ್ನಲ್ಲಿನಲ್ಲಿ 'ಸೋಮ್ಯಾಕ್ಸ್‌ಕಾನ್' ಎಂಬ ಮೇಲ್ಮಿತಿ ಬಹುಕಾಲ 128 ಇತ್ತು. ಎರಡರಲ್ಲಿ ಚಿಕ್ಕದೇ ಗೆಲ್ಲುತ್ತದೆ, ಅದೂ ಸದ್ದಿಲ್ಲದೆ. ರೆಡಿಸ್ ಶುರುವಾಗುವಾಗ ಒಂದು ಎಚ್ಚರಿಕೆಯ ಸಾಲನ್ನಾದರೂ ಬರೆಯುತ್ತದೆ. ಕರ್ನಲ್ ಅದನ್ನೂ ಮಾಡುವುದಿಲ್ಲ. ಸಾಲು ತುಂಬಿದರೆ ಲಿನಕ್ಸ್ ಸಾಮಾನ್ಯವಾಗಿ 'ಇಲ್ಲ' ಅನ್ನುವುದಿಲ್ಲ, ಕೋರಿಕೆಯನ್ನು ಕೈಬಿಡುತ್ತದೆ ಅಷ್ಟೇ. ಆ ಕಡೆಯವರು ಒಂದು ಸೆಕೆಂಡು ಕಾದು ಮತ್ತೆ ತಟ್ಟುತ್ತಾರೆ. ಎರಡು ಮಿಲಿಸೆಕೆಂಡಿನ ಕೆಲಸಕ್ಕೆ ಇಡೀ ಸೆಕೆಂಡು ಹಿಡಿದಾಗ ಎಲ್ಲರೂ ಬೈಯುವುದು ಡೇಟಾಬೇಸನ್ನೇ.

2019ರ ಲಿನಕ್ಸ್ 5.4ರಲ್ಲಿ ಮೇಲ್ಮಿತಿ 4096 ಆಯಿತು. ಹಾಗೆಂದು ಅಂಕಿ ಏರಿಸಿದವರೆಲ್ಲ ಗೆದ್ದರು ಅನ್ನಲಾರೆ. ಸಾಲು ಉದ್ದವಾದರೆ ಕೌಂಟರಿನ ಕೈ ಚುರುಕಾಗುವುದಿಲ್ಲ. ಹಠಾತ್ತನೆ ನೂರಾರು ಸಂಪರ್ಕ ಬಂದು ಮರುಕ್ಷಣ ಕರಗುವುದಾದರೆ ದೊಡ್ಡ ಮಿತಿ ನಿಜಕ್ಕೂ ಕಾಪಾಡುತ್ತದೆ. ಸರ್ವರ್ ಸದಾ ನಿಧಾನವಾಗಿದ್ದರೆ, ಕೇಳಿದವನು ಬೇಸತ್ತು ಎದ್ದುಹೋದ ಮೇಲೆ ಅದು ಅವನಿಗೆ ಉತ್ತರ ಸಿದ್ಧಪಡಿಸುತ್ತಾ ಕೂತಿರುತ್ತದೆ.